ಟವೆಲ್ ಕೆಳಗಿನ ಪಗಾರ

"ಪಗಾರ ಎಷ್ಟ್ರಿ ನಿಮ್ದು?"

ನನ್ನ ನೌಕರಿಯ ಉದ್ದಕ್ಕೂ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಬಾಗಲಕೋಟೆಯಿಂದ ಅಮೀನಗಡದ ಬಸ್ಸು ಹತ್ತಿ ಕೂತರೆ ಸಾಕು, ಪಕ್ಕದವರು ಟಿಕೀಟು ತೆಗೆಸುವ ಮೊದಲೇ ಕೇಳುತ್ತಿದ್ದರು. ಕಟಿಂಗ್ ಅಂಗಡಿಯವನು ಕತ್ತರಿ ಕಿವಿಯ ಹತ್ತಿರ ಬಂದಾಗ ಕೇಳುತ್ತಿದ್ದ, ತಪ್ಪಿಸಿಕೊಳ್ಳುವಂತಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಮೇಲೆ ತುಪ್ಪ ಬೀಳುವ ಹೊತ್ತಿಗೆ ಯಾರದೋ ಬೀಗರು ಕೇಳುತ್ತಿದ್ದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು.

ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: "ಹೊಟ್ಟಿ ಬಟ್ಟಿಗೆ ಆಗ್ತದ್ರಿ." ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಇಷ್ಟಿರಬೇಕು, ಅಷ್ಟಿರಬೇಕು ಎಂದು ತಾವೇ ಒಂದು ಮೊತ್ತ ಹೇಳಿ ನನ್ನ ಮುಖ ನೋಡುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಪಗಾರ ಗುಟ್ಟಾಗಿರಬೇಕು, ಅದು ಮ್ಯಾನೇಜರನ ಮರ್ಯಾದೆ ಎಂದು ನನಗೆ ಕಲಿಸಿದ್ದರು. ನಾನೂ ನಂಬಿದ್ದೆ.

ಇದನ್ನೆಲ್ಲ ಈಗ ಬರೆಯಲು ಒಂದು ಕಾರಣವಿದೆ. ಮೊನ್ನೆ ಹೊಸದಾಗಿ ಸಿಇಒ ಆಗಿ ಸೇರುವ ಹುಡುಗ ಹುಡುಗಿಯರ ತರಬೇತಿಗೆ ನನ್ನನ್ನು ಕರೆದಿದ್ದರು. ರೈತರ ಕಂಪನಿ, ನೇಕಾರರ ಕಂಪನಿ, ಕುರಿ ಸಾಕುವವರ ಕಂಪನಿ, ಈಗ ಎಲ್ಲದಕ್ಕೂ ಒಬ್ಬ ಸಿಇಒ ಬೇಕು. ನನಗಿಂತ ಮುಂಚೆ ಮಾತಾಡಿದವರು ನಾಯಕತ್ವದ ಬಗ್ಗೆ ಬಣ್ಣಬಣ್ಣದ ಸ್ಲೈಡು ತೋರಿಸಿದರು. ಒಂದರಲ್ಲಿ ಹದ್ದಿನ ಚಿತ್ರವಿತ್ತು, ಇನ್ನೊಂದರಲ್ಲಿ ಹಿಮದ ಬೆಟ್ಟ. ನನ್ನ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿ, ಎಲ್ಲರ ಕಣ್ಣು ಬಾಗಿಲ ಕಡೆ ಇತ್ತು. ಎರಡು ಮಾತು ಹೇಳಿ ಶಾಲು ಹೊದಿಸಿಕೊಂಡು ಬಂದೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಹದ್ದು ಎಲ್ಲೂ ಬರುವುದಿಲ್ಲ, ಕುರಿ ಬರುತ್ತದೆ.

ನಾನು ಮೊದಲು ದುಡಿದದ್ದು ಇಳಕಲ್ಲಿನ ಒಂದು ಗ್ರಾನೈಟ್ ಕಂಪನಿಯಲ್ಲಿ. ಕ್ವಾರಿಯಿಂದ ಬಂದ ಕಲ್ಲನ್ನು ಕೊಯ್ದು, ಪಾಲಿಶ್ ಮಾಡಿ, ಹೊರದೇಶಕ್ಕೆ ಕಳಿಸುತ್ತಿದ್ದೆವು. ಗುಮಾಸ್ತನಾಗಿ ಸೇರಿದವನು ಮ್ಯಾನೇಜರ್ ಆದೆ. ಹೇಗಾದೆ ಎನ್ನುವುದರಲ್ಲಿ ಕಥೆಯೇನೂ ಇಲ್ಲ, ಮೇಲಿನವರು ಒಬ್ಬೊಬ್ಬರೇ ಬಿಟ್ಟುಹೋದರು, ನಾನು ಉಳಿದೆ. ಮಾಲೀಕರು ಹಳೆಯ ಕಾಲದವರು. ಗಾದಿಯ ಮೇಲೆ ಕೂತು ಫೋನಿನಲ್ಲೇ ವ್ಯವಹಾರ ಮುಗಿಸುತ್ತಿದ್ದರು. ಕಂಪನಿ ಬೆಳೆದಾಗ ಅವರಿಗೆ ಯಾರೋ ಹೇಳಿದರು, ಇಷ್ಟು ದೊಡ್ಡ ಕಂಪನಿಗೆ ಸಿಇಒ ಇಲ್ಲದಿದ್ದರೆ ಹೊರದೇಶದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು. ಸರಿ, ಒಬ್ಬರು ಬಂದರು. ಅವರ ಹೆಸರು ಇಲ್ಲಿ ಬೇಡ. ಇಳಕಲ್ಲಿನ ಬ್ಯಾಸಿಗಿಯಲ್ಲೂ ಸೂಟು ಬಿಚ್ಚುತ್ತಿರಲಿಲ್ಲವಾದ್ದರಿಂದ ನಾವೆಲ್ಲ ಅವರನ್ನು ಸೂಟಿನವರು ಎನ್ನುತ್ತಿದ್ದೆವು.

ಅವರಿಗೆ ಎಷ್ಟು ಪಗಾರ ಕೊಡಬೇಕೆಂದು ಹೇಳಲು ಮುಂಬೈಯಿಂದ ಒಬ್ಬ ಸಲಹೆಗಾರ ಬಂದ. ಅವನಿಗೆ ಬೇರೆ ಫೀಸು. ತಿಂಗಳುಗಟ್ಟಲೆ ಕೆಲಸ ಮಾಡಿ ದಪ್ಪನೆಯ ಒಂದು ವರದಿ ತಂದ. ನಮ್ಮಂಥ ಹತ್ತು ಕಂಪನಿಗಳ ಮುಖ್ಯಸ್ಥರು ಎಷ್ಟೆಷ್ಟು ತೆಗೆದುಕೊಳ್ಳುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಒಳ್ಳೆಯ ಕಂಪನಿ ಎನಿಸಿಕೊಳ್ಳಬೇಕಾದರೆ ನಡುವಿನ ಮೊತ್ತಕ್ಕಿಂತ ಸ್ವಲ್ಪ ಮೇಲೆಯೇ ಕೊಡಬೇಕು ಎಂಬುದು ಅವನ ಸಲಹೆ. ಫೈಲು ಹೊತ್ತುಕೊಂಡು ಹೋಗಿದ್ದ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು, ಇರಲಿಲ್ಲ. ಆ ಹತ್ತು ಕಂಪನಿಗಳಿಗೂ ನಿಮ್ಮಂಥ ಸಲಹೆಗಾರರು ಹೋಗಿ ಇದನ್ನೇ ಹೇಳುತ್ತಾರಲ್ಲ, ಎಲ್ಲರೂ ನಡುವಿನವರಿಗಿಂತ ಮೇಲಾದರೆ ಕೆಳಗೆ ಉಳಿಯುವವರು ಯಾರು ಎಂದು ಕೇಳಿಬಿಟ್ಟೆ. ಅವನು ನಕ್ಕು, ಒಳ್ಳೆಯ ಪ್ರಶ್ನೆ ಎಂದು ಹೇಳಿ ಪುಟ ತಿರುಗಿಸಿದ. ಒಳ್ಳೆಯ ಪ್ರಶ್ನೆ ಎಂದು ಯಾರಾದರೂ ಹೊಗಳಿದರೆ ಉತ್ತರ ಬರುವುದಿಲ್ಲ ಎಂದು ತಿಳಿಯಿರಿ. ಇದೊಂದು ವಿದ್ಯೆ ನನ್ನಿಂದ ಪುಕ್ಕಟೆಯಾಗಿ ಕಲಿತುಕೊಳ್ಳಿ.

ಸೂಟಿನವರ ಪಗಾರದ ಜೊತೆಗೆ ಬೋನಸ್ಸೂ ಇತ್ತು. ವರ್ಷಕ್ಕೆ ಎಷ್ಟು ಕಂಟೇನರ್ ಗೇಟು ದಾಟಿ ಹೋಗುತ್ತದೆ ಎಂಬುದರ ಮೇಲೆ ಆ ಬೋನಸ್ಸು. ಈಗ ಗ್ರಾನೈಟ್ ಕೆಲಸದ ಒಂದು ಸಣ್ಣ ಸಂಗತಿ ಹೇಳಬೇಕು. ಪಾಲಿಶ್ ಆದ ಕಲ್ಲಿನ ಮೇಲೆ ನೀರು ಸುರಿದು, ಅದು ಆರುವಾಗ ನೋಡಬೇಕು. ಕೂದಲೆಳೆಯಂಥ ಬಿರುಕಿದ್ದರೆ ಎಲ್ಲ ಕಡೆ ಆರಿದ ಮೇಲೂ ಅಲ್ಲಿ ಒಂದು ಒದ್ದೆ ಗೆರೆ ಉಳಿಯುತ್ತದೆ. ಇದು ಆ ಧಂದೆಯಲ್ಲಿ ಎಲ್ಲರಿಗೂ ಗೊತ್ತು. ಸೂಟಿನವರಿಗೆ ಇದು ಸಮಯ ಹಾಳು ಎನಿಸಿತು, ಟ್ಯಾಂಕರ್ ನೀರಿನ ಖರ್ಚೂ ಕಂಡಿತು. ಒಣ ಬಟ್ಟೆಯಿಂದ ಒರೆಸಿ ಪ್ಯಾಕ್ ಮಾಡಿ ಎಂದರು. ನಾನು ಬೇಡವೆಂದೆ. ನಿಮಗೆ ದೊಡ್ಡ ಚಿತ್ರ ಕಾಣುವುದಿಲ್ಲ ಎಂದರು. ಒಂದಾದ ಮೇಲೊಂದು ಕಂಟೇನರ್ ಗೇಟು ದಾಟಿದವು. ಆ ವರ್ಷದಷ್ಟು ಮಾಲು ಎಂದೂ ಹೋಗಿರಲಿಲ್ಲ.

ಬೋನಸ್ ಸೂಟಿನವರ ಕೈ ಸೇರಿತು. ಆಮೇಲೆ ಕಲ್ಲು ತಿರುಗಿ ಬಂತು. ಬಿರುಕು, ಬಿರುಕು, ಎಲ್ಲದರಲ್ಲೂ ಬಿರುಕು. ನಷ್ಟವಾಯಿತೆಂದು ಆ ದೀಪಾವಳಿಗೆ ಕೆಲಸಗಾರರ ಬೋನಸ್ ಕತ್ತರಿಸಿದರು, ಅದನ್ನು ಗೇಟಿನ ಮುಂದೆ ನಿಂತು ಹೇಳುವ ಕೆಲಸ ನನ್ನದಾಯಿತು. ಪಾಲಿಶ್ ಮಾಡುವ ಒಬ್ಬರು ಕೇಳಿದರು, ಕಲ್ಲು ಹೋದದ್ದು ಸಾಹೇಬರ ಲೆಕ್ಕಕ್ಕಾದರೆ ತಿರುಗಿ ಬಂದದ್ದು ಯಾರ ಲೆಕ್ಕಕ್ಕೆ ಎಂದು. ಒಳ್ಳೆಯ ಪ್ರಶ್ನೆ ಎನ್ನಲು ನಾಲಿಗೆ ಏಳಲಿಲ್ಲ. ಸಿಟ್ಟು ಬಂದಿತ್ತು, ಇಂದಿಗೂ ಇಳಿದಿಲ್ಲ.

ಸೂಟಿನವರು ಕೆಲವೇ ದಿನಗಳಲ್ಲಿ ಇನ್ನೂ ದೊಡ್ಡ ಕಂಪನಿಗೆ ಇನ್ನೂ ದೊಡ್ಡ ಪಗಾರಕ್ಕೆ ಹೋದರು. ನಮ್ಮಲ್ಲಿ ಒಂದೇ ವರ್ಷದಲ್ಲಿ ಅಷ್ಟು ಮಾಲು ಕಳಿಸಿದ್ದನ್ನು ಅಲ್ಲಿ ಹೇಳಿಕೊಂಡಿರಬೇಕು. ಅವರು ಹೋದ ಮರುದಿನ ಮಾಲೀಕರು ಮತ್ತೆ ಗಾದಿಯ ಮೇಲೆ ಬಂದು ಕೂತರು, ಕಲ್ಲಿನ ಮೇಲೆ ಮತ್ತೆ ನೀರು ಬಿತ್ತು. ಸಿಇಒ ಇಲ್ಲದೆ ಕಂಪನಿ ಬಹಳ ದಿನ ಚೆನ್ನಾಗಿಯೇ ನಡೆಯಿತು. ಅದರ ಮೇಲೆ ಯಾವ ಸಲಹೆಗಾರನೂ ವರದಿ ಬರೆಯಲಿಲ್ಲ.

ಹಾಗೆಂದು ಮುಖ್ಯಸ್ಥನ ಕೆಲಸ ಎಂದರೆ ಸುಮ್ಮನೆ ಕೂತು ತಿನ್ನುವುದು ಎಂದು ತಿಳಿಯಬೇಡಿ. ಅದು ಎಷ್ಟು ಪರದಾಟ ಎಂಬುದು ನನಗೆ ನಾನೇ ಸಿಇಒ ಆದಾಗ ಗೊತ್ತಾಯಿತು. ಇಳಕಲ್ಲಿನ ಕೆಲಸ ಬಿಟ್ಟ ಮೇಲೆ ಅಮೀನಗಡದಲ್ಲಿ ಕುರಿ ಸಾಕುವವರು ಕೂಡಿ ಕಟ್ಟಿದ ಕಂಪನಿಯಿಂದ ಕರೆ ಬಂತು. ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳ ಕುರಿಗಾರರೇ ಅದರ ಸದಸ್ಯರು, ಅವರೇ ಮಾಲೀಕರು. ನಾನು ಬಾದಾಮಿಯ ಕುಲಕರ್ಣಿ ಮನೆತನದವನು, ಮಾಂಸದ ಮಾತಿರಲಿ, ನಮ್ಮ ಮನೆಯಲ್ಲಿ ಉಳ್ಳಾಗಡ್ಡಿಗೂ ವಾರದಲ್ಲಿ ಒಂದು ದಿನ ರಜೆ. ಕುರಿ ಕಂಪನಿಗೆ ಇಂಥ ಸಿಇಒ ಎಂದು ನಾವಿದ್ದ ಬಾಗಲಕೋಟೆಯ ನವನಗರವೆಲ್ಲ ನಕ್ಕಿತು.

ಕಂಪನಿಯ ಅಧ್ಯಕ್ಷರು ಯಮನಪ್ಪನವರು. ಕಂಪನಿ ಕಟ್ಟುವ ಮೊದಲು ಅವರು ಅಮೀನಗಡದ ಕುರಿ ಸಂತೆಯಲ್ಲಿ ಹೆಸರಾಂತ ದಲಾಲರು. ತಲೆಗೆ ರುಮಾಲು, ಹೆಗಲಿಗೆ ಟವೆಲ್. ಸಂದರ್ಶನ ಎಂದು ಕರೆದರು, ಹೋದೆ. ಕಂಪನಿಯ ಶೆಡ್ಡಿನಲ್ಲಿ ಜಮಖಾನೆಯ ಮೇಲೆ ನಿರ್ದೇಶಕರೆಲ್ಲ ಕೂತಿದ್ದರು. ಊರು, ಮನೆತನ ಎಲ್ಲ ಕೇಳಿ ಆದ ಮೇಲೆ ಯಮನಪ್ಪನವರು ನನ್ನ ಹತ್ತಿರ ಸರಿದು ಕೂತು, ಹೆಗಲ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹಾಸಿದರು. ಉಳಿದವರೆಲ್ಲ ಒಮ್ಮೆಲೇ ಬೇರೆ ಕಡೆ ಮುಖ ತಿರುಗಿಸಿ ಕೂತರು. ಇದೇನೋ ಅವರ ಪದ್ಧತಿ ಇರಬೇಕು, ಸ್ವಾಗತ ಇರಬೇಕು ಎಂದುಕೊಂಡೆ.

ಟವೆಲ್ ಕೆಳಗೆ ಅವರ ಕೈ ಬಂದು ನನ್ನ ಬೆರಳು ಹಿಡಿಯಿತು. ನಾನು ಓದಿದವನಲ್ಲವೇ, ಅವರ ಇಡೀ ಅಂಗೈ ಹಿಡಿದು ಶೇಕ್‌ಹ್ಯಾಂಡ್ ಕೊಟ್ಟೆ. ಅವರು ಕೈ ಬಿಡಿಸಿಕೊಂಡು ಮತ್ತೆ ನನ್ನ ಬೆರಳು ಹಿಡಿದರು. ಎಷ್ಟು ಪ್ರೀತಿಯ ಮನುಷ್ಯ ಎಂದುಕೊಂಡು ನಾನು ಮತ್ತೆ ಇಡೀ ಕೈ ಹಿಡಿದು ಕುಲುಕಿದೆ. ಮೂರನೆಯ ಸಲವೂ ಅದೇ ಆಯಿತು. ಕೊನೆಗೆ ಅವರು ನನ್ನ ಇಡೀ ಕೈಯನ್ನು ಗಟ್ಟಿಯಾಗಿ ಹಿಡಿದು, ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು, ನಿರ್ದೇಶಕರ ಕಡೆ ತಿರುಗಿ ಹೇಳಿದರು: "ಮುಗೀತ್ರಪಾ. ಗಟ್ಟಿ ಆಸಾಮಿ ಅದಾರ ಸಾಹೇಬ್ರು."

ಮನೆಗೆ ಬಂದಾಗ ನಮ್ಮ ಮನೆಯಾಕೆ ಸುಮತಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು. ಕೆಲಸ ಆಯಿತು, ಪಗಾರ ಎಷ್ಟೋ ಗೊತ್ತಿಲ್ಲ ಎಂದೆ. ಅವಳು ಚಹಾದ ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಜನ ಬಸ್ಸಿನಲ್ಲಿ ಕೇಳಿದಾಗ ಸುಳ್ಳು ಹೇಳುವುದೊಂದು ಕಡೆ, ನಿಮಗೇ ಗೊತ್ತಿಲ್ಲದಿದ್ದರೆ ಏನು ಮಾಡುತ್ತೀರಿ ಎಂದಳು. ತಿಂಗಳ ಕೊನೆಗೆ ಬ್ಯಾಂಕಿನ ಸಂದೇಶ ಬಂದಾಗಲೇ ನನಗೆ ತಿಳಿದದ್ದು. ಐವತ್ತು ಸಾವಿರ. ನಾನಾಗಿ ಬಾಯಿಬಿಟ್ಟು ಅಷ್ಟು ಕೇಳುವ ಧೈರ್ಯ ನನಗೆ ಇರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಯಮನಪ್ಪನವರೇ ಬಿಡಿಸಿ ಹೇಳಿದರು. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ ಕೆಳಗೆ ಎದುರಿನವನ ಎಷ್ಟು ಬೆರಳು ಹಿಡಿಯುತ್ತಾರೋ ಅಷ್ಟು. ಸುತ್ತಲಿನವರು ನೋಡಬಾರದು, ಅದು ಸಂತೆಯ ರೀತಿ. ಕಂಪನಿಯಲ್ಲಿ ಒಂದು ಬೆರಳೆಂದರೆ ಹತ್ತು ಸಾವಿರ ಎಂದು ನಿರ್ದೇಶಕರು ಮೊದಲೇ ಮಾತಾಡಿಕೊಂಡಿದ್ದರು. ಅವರು ಮೊದಲು ಹಿಡಿದದ್ದು ಮೂರು ಬೆರಳು. ನಾನು ಇಡೀ ಕೈ ಹಿಡಿದು ಐದು ಎಂದೆ. ಅವರು ಮತ್ತೆ ಮೂರು, ನಾನು ಐದು. ಅವರು ನಾಲ್ಕು, ನಾನು ಆಗಲೂ ಐದು. ಇಷ್ಟು ಹಟದವನನ್ನು ಸಂತೆಯಲ್ಲಿ ನೋಡಿರಲಿಲ್ಲ ಎಂದು ನಕ್ಕರು. ನಾನು ನಗಲೋ ಅಳಲೋ ತಿಳಿಯದೆ ಕೂತೆ. ಸೂಟಿನವರ ಪಗಾರಕ್ಕೆ ಅಷ್ಟು ದಪ್ಪ ವರದಿ, ನನ್ನ ಪಗಾರಕ್ಕೆ ಒಂದು ಶೇಕ್‌ಹ್ಯಾಂಡ್. ಎರಡರಲ್ಲೂ ನಮ್ಮ ಯೋಗ್ಯತೆಯ ಮಾತು ಬಂದಿರಲಿಲ್ಲ.

ಇನ್ನು ಅಲ್ಲಿಯ ಕೆಲಸ. ಸಂತೆಯಲ್ಲಿ ಕುರಿಯನ್ನು ಕಣ್ಣಳತೆಯಲ್ಲಿ, ಬೆನ್ನು ಒತ್ತಿ ನೋಡಿ ಮಾರುತ್ತಿದ್ದರು. ನಾವು ತೂಕದ ಮೇಲೆ ಕೊಳ್ಳುವ ಪದ್ಧತಿ ತಂದೆವು. ಸದಸ್ಯರ ಕುರಿಯನ್ನು ತೂಗಿ ಕೊಂಡು, ಲಾರಿಯಲ್ಲಿ ದೂರದ ಊರಿನ ದೊಡ್ಡ ವ್ಯಾಪಾರಿಗಳಿಗೆ ತೂಗಿಯೇ ಕೊಡುವುದು. ಕೇಳಲು ಚೆಂದ. ಮೊದಲ ತಿಂಗಳೇ ನಮ್ಮಲ್ಲಿ ತೂಗಿದ್ದಕ್ಕೂ ಅಲ್ಲಿ ತೂಗಿದ್ದಕ್ಕೂ ತಾಳೆಯೇ ಆಗಲಿಲ್ಲ. ದಾರಿಯಲ್ಲಿ ಕುರಿ ಕರಗುತ್ತವೆಯೇ? ಡ್ರೈವರನ ಮೇಲೆ ಅನುಮಾನಪಟ್ಟೆ, ತಕ್ಕಡಿ ರಿಪೇರಿ ಮಾಡಿಸಿದೆ, ಕಂಪನಿಗೆ ನಷ್ಟವಾಗುತ್ತಲೇ ಹೋಯಿತು.

ಕಾರಣ ಹುಡುಕಿದವಳು ರೇಣುಕಾ. ಕೆರೂರಿನ ಹತ್ತಿರದ ಹಳ್ಳಿಯ ಕುರಿಗಾರನ ಮಗಳು, ಎಂ.ಕಾಂ. ಓದಿ ಕಂಪನಿಯ ಲೆಕ್ಕ ನೋಡಲು ಸೇರಿದ್ದಳು. ಲೆಕ್ಕವೊಂದು ನೆಪ, ಶೆಡ್ಡಿನ ಎಲ್ಲ ಕೆಲಸ ಅವಳದೇ ಆಗಿತ್ತು. ತೂಕ ಎಂದ ಕೂಡಲೇ ನಮ್ಮ ಸದಸ್ಯರು ಕುರಿಗೆ ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ತರುತ್ತಿದ್ದರು. ತಮ್ಮದೇ ಕಂಪನಿಗೆ ತಾವೇ ನೀರು ಮಾರುತ್ತಿದ್ದರು! ಮಾಲೀಕರೇ ಹೀಗೆ ಮಾಡಿದರೆ ಸಿಇಒ ಯಾರ ಮುಂದೆ ದೂರು ಹೇಳಬೇಕು? ಮುನ್ನಾದಿನ ಸಂಜೆಯೇ ಕುರಿ ತಂದು ನಮ್ಮ ದೊಡ್ಡಿಯಲ್ಲಿ ಬಿಡಬೇಕು, ಮುಂಜಾನೆ ನೀರು ಕುಡಿಸುವ ಮೊದಲು ತೂಗಬೇಕು ಎಂದು ರೇಣುಕಾ ನಿಯಮ ಮಾಡಿದಳು. ಗಲಾಟೆಯಾಯಿತು. ಹಾಗಾದರೆ ಮೊದಲು ನಮ್ಮಪ್ಪನ ಕುರಿಯನ್ನೇ ತೂಗುತ್ತೇನೆ ಎಂದಳು, ತೂಗಿದಳು. ಅವಳಪ್ಪ ಒಂದು ವಾರ ಅವಳ ಜೊತೆ ಮಾತಾಡಲಿಲ್ಲ. ಆಮೇಲೆ ಎಲ್ಲರೂ ದಾರಿಗೆ ಬಂದರು.

ಆ ವರ್ಷದ ಕೊನೆಗೆ ಕಂಪನಿ ಮೊದಲ ಸಲ ಲಾಭ ಕಂಡಿತು. ವಾರ್ಷಿಕ ಸಭೆಯಲ್ಲಿ ಹಾರ ಹಾಕಿದ್ದು ನನಗೆ. ಸಾಹೇಬ್ರು ಬಂದ ಮೇಲೆ ಕಂಪನಿ ಸುಧಾರಿಸಿತು ಎಂದು ಭಾಷಣ ಮಾಡಿದರು. ಇದು ರೇಣುಕಾ ಮಾಡಿದ ಕೆಲಸ, ಹಾರ ಅವಳಿಗೆ ಹಾಕಿ ಎಂದು ನಾನು ಮೈಕಿನಲ್ಲಿ ಹೇಳಿದೆ. ಎಂಥ ವಿನಯ ಎಂದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಎರಡನೆಯ ಸಲ ಹೇಳಿದೆ. ಇನ್ನೊಂದು ಹಾರ ತಂದು ಅದನ್ನೂ ನನಗೇ ಹಾಕಿದರು. ರೇಣುಕಾ ಹಿಂದೆ ನಿಂತು ಊಟದ ವ್ಯವಸ್ಥೆ ನೋಡುತ್ತಿದ್ದಳು.

ಅದೇ ಸಭೆಯಲ್ಲಿ ನನ್ನ ಪಗಾರದ ಚರ್ಚೆಯೂ ಆಯಿತು. ಹನಮವ್ವ ಎಂಬ ಹಿರಿಯ ಹೆಂಗಸು, ನಿರ್ದೇಶಕರಲ್ಲಿ ಅವರೊಬ್ಬರೇ ಹೆಣ್ಣುಮಗಳು, ಎದ್ದು ನಿಂತು ಸಾಹೇಬರು ತಿಂಗಳಿಗೆ ಎಷ್ಟು ಕುರಿ ತಿನ್ನುತ್ತಾರೆ ಎಂದು ಕೇಳಿದರು. ಜನ್ಮದಲ್ಲಿ ಒಂದನ್ನೂ ತಿನ್ನದ ನಾನು ತಲೆ ತಗ್ಗಿಸಿ ಕೂತೆ. ಪಗಾರವನ್ನು ಕುರಿಯ ಬೆಲೆಯಿಂದ ಭಾಗಿಸುವ ಕೆಲಸ ಸಭೆಯಲ್ಲೇ ಶುರುವಾಯಿತು, ಟಗರೋ ಹೆಣ್ಣು ಕುರಿಯೋ ಎಂದು ಜಗಳವೂ ಆಯಿತು. ಒಬ್ಬರು ನನ್ನ ಪರವಾಗಿ ಎದ್ದು, ಕಾಯುವ ನಾಯಿಗೆ ಹೊಟ್ಟೆ ತುಂಬ ಹಾಕದಿದ್ದರೆ ಅದು ತೋಳದ ಜೊತೆ ಸೇರುತ್ತದೆ ಎಂದು ವಾದಿಸಿದರು. ನನ್ನ ಪರವಾಗಿ ಬಂದ ಒಂದೇ ಒಂದು ವಾದ ಅದು. ಸಭೆಗೆ ಒಪ್ಪಿಗೆಯಾಯಿತು, ಪಗಾರ ಇದ್ದಷ್ಟೇ ಉಳಿಯಿತು.

ಅಂದು ಸಿಟ್ಟು ಬಂದಿದ್ದರೂ ಈಗ ಅನಿಸುತ್ತದೆ, ಇಳಕಲ್ಲಿನಲ್ಲಿ ಸೂಟಿನವರ ಪಗಾರ ಎಷ್ಟು ಕಲ್ಲಿಗೆ ಸಮ ಎಂದು ಯಾರಾದರೂ ಹೀಗೆ ಎದ್ದು ಕೇಳಿದ್ದರೆ ಆ ದೀಪಾವಳಿ ಬೇರೆಯಾಗುತ್ತಿತ್ತು. ಪಗಾರ ಕೇಳುವವರು ನಿಮಗೆ ಕಿರಿಕಿರಿ ಮಾಡುತ್ತಾರೆ. ಕೇಳದೆ ಇರುವಲ್ಲಿ ಅದಕ್ಕಿಂತ ದೊಡ್ಡ ಅನ್ಯಾಯ ನಡೆಯುತ್ತದೆ.

ನನಗೆ ವಯಸ್ಸಾಯಿತು, ಮೊಣಕಾಲು ಬಸ್ಸಿನ ಮೆಟ್ಟಿಲು ಒಲ್ಲೆನ್ನತೊಡಗಿತು. ಬಿಡುತ್ತೇನೆಂದೆ, ನನ್ನ ಜಾಗಕ್ಕೆ ರೇಣುಕಾಳನ್ನು ತೆಗೆದುಕೊಳ್ಳಿ ಎಂದೆ. ಯಾರೂ ಬೇಡವೆನ್ನಲಿಲ್ಲ. ಅವಳಲ್ಲದೆ ಇನ್ಯಾರು ಎಂದರು. ಕುರ್ಚಿಯ ವಿಷಯ ಐದು ನಿಮಿಷದಲ್ಲಿ ಮುಗಿಯಿತು. ಪಗಾರದ ಮಾತು ಬಂದ ಕೂಡಲೇ ಎಲ್ಲರಿಗೂ ಬುದ್ಧಿ ಚುರುಕಾಯಿತು. ಅವಳು ಊರಲ್ಲೇ ಇರುತ್ತಾಳೆ, ಬಾಡಿಗೆ ಇಲ್ಲ ಎಂದರು ಒಬ್ಬರು. ಅಪ್ಪನ ಕುರಿ ಇವೆ, ಊಟಕ್ಕೆ ಕೊರತೆ ಇಲ್ಲ ಎಂದರು ಇನ್ನೊಬ್ಬರು. ನಾಳೆ ಮದುವೆಯಾಗಿ ಹೋಗುವವಳು ಎಂದರು. ನನಗೂ ಬಾದಾಮಿಯಲ್ಲಿ ಹೊಲ ಇದೆ, ನನ್ನ ಪಗಾರದಲ್ಲಿ ಅದನ್ನು ಕಳೆದಿದ್ದಿರೇನು ಎಂದು ಕೇಳಿದೆ. ಯಮನಪ್ಪನವರು ನನ್ನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು: "ನಿಮ್ದು ಬ್ಯಾರೆ ಮಾತ್ರೀ ಸಾಹೇಬ್ರ. ಆಕಿ ನಮ್ಮ ಮನಿ ಮಗಳು. ಮನಿ ಮಗಳಿಗೆ ಯಾರರ ಪಗಾರ ಎಣಸ್ತಾರೇನ್ರಿ?"

ಕೆಟ್ಟ ಮನುಷ್ಯರಲ್ಲ ಅವರು. ರೇಣುಕಾಳ ಅಪ್ಪ ಮಗಳ ಜೊತೆ ಮಾತು ಬಿಟ್ಟಾಗ ಅವನ ಮನೆಗೆ ಹೋಗಿ ಬುದ್ಧಿ ಹೇಳಿ ಬಂದವರು ಇವರೇ. ಅದಕ್ಕೇ ನನಗೆ ಹೆಚ್ಚು ರೇಗಿತು. ಸೂಟಿನವರಂಥವರ ಮೇಲೆ ಸಿಟ್ಟಾಗುವುದು ಸುಲಭ. ಪ್ರೀತಿಯಿಂದ ಮೋಸ ಮಾಡುವವರ ಮೇಲೆ ಹೇಗೆ ಸಿಟ್ಟಾಗುವುದು?

ರೇಣುಕಾಳಿಗೆ ಹುಬ್ಬಳ್ಳಿಯ ಒಂದು ಹಣಕಾಸು ಕಂಪನಿಯಿಂದ ಕೆಲಸದ ಆದೇಶ ಬಂದಿತ್ತು. ಆ ವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಅವಳು ಹೋದರೆ ಆ ದೊಡ್ಡಿ, ಆ ಮುಂಜಾನೆಯ ತೂಕ ಒಂದು ತಿಂಗಳೂ ನಿಲ್ಲುವುದಿಲ್ಲ, ಕುರಿಗಾರರು ಮತ್ತೆ ಸಂತೆಯ ಕಣ್ಣಳತೆಗೆ ಬೀಳುತ್ತಾರೆ ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅಮೀನಗಡದ ಬಸ್ ಸ್ಟ್ಯಾಂಡಿನ ಹತ್ತಿರ, ಕರದಂಟಿನ ಅಂಗಡಿಯ ಮುಂದೆ ನಿಂತು ಅವಳಿಗೆ ನನ್ನ ಉಪಾಯ ಹೇಳಿಕೊಟ್ಟೆ. ಟವೆಲ್ ಹಾಸಿದ ಕೂಡಲೇ ಇಡೀ ಕೈ ಹಿಡಿದುಬಿಡು, ಬಿಡಬೇಡ, ನಾನು ಹಾಗೇ ಗೆದ್ದೆ ಎಂದೆ. ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ನೀವು ಗಂಡಸರ್ರೀ ಸರ್. ನೀವು ಹಟಾ ಮಾಡಿದ್ರ ಗಟ್ಟಿ ಆಸಾಮಿ ಅಂದ್ರು. ನಾ ಮಾಡಿದ್ರ ಸೊಕ್ಕ ಬಂದೈತಿ ಅಂತಾರ. ನಾ ಹೆಚ್ಚ ಏನೂ ಕೇಳವಲ್ಲೆ. ಅದ ಖುರ್ಚಿ, ಅದ ಕೆಲಸ. ಪಗಾರ ಅಷ್ಟ ಯಾಕ ಬ್ಯಾರೆ?"

ಸಭೆಯ ದಿನ ಬಂತು, ಮುಂಜಾನೆಯೇ ಸೇರಿದೆವು. ಅದೇ ಶೆಡ್ಡು, ಅದೇ ಜಮಖಾನೆ. ಹನಮವ್ವ ಗೋಡೆಗೆ ಒರಗಿ ಕೂತಿದ್ದರು. ರೇಣುಕಾ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಯಾವತ್ತೂ ಚೂಡಿದಾರ ಹಾಕುವವಳು. ಊರು, ಮನೆತನ ಕೇಳುವ ಪ್ರಶ್ನೆಯೇ ಇರಲಿಲ್ಲ. ಯಮನಪ್ಪನವರು ಸರಿದು ಕೂತು, ಹೆಗಲ ಟವೆಲ್ ತೆಗೆದು ಅವಳ ಕೈ ಮೇಲೆ ಹಾಸಿದರು. ನಾವೆಲ್ಲ ಬೇರೆ ಕಡೆ ಮುಖ ತಿರುಗಿಸಿದೆವು. ಇಷ್ಟು ವರ್ಷದಲ್ಲಿ ನಾನೂ ಅಷ್ಟು ಕಲಿತಿದ್ದೆ. ಕಿಟಕಿಯಾಚೆ ದೊಡ್ಡಿಯಲ್ಲಿ ಕುರಿ ನಿಂತಿದ್ದವು. ಅವನ್ನೇ ನೋಡುತ್ತ, ಹಿಡಿ, ಇಡೀ ಕೈ ಹಿಡಿ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಬಟ್ಟೆ ಸರಿದ ಸದ್ದಾಯಿತು. ಯಾರೋ ಕೆಮ್ಮಿದರು. ನೋಡಬಾರದೆಂದರೂ ತಿರುಗಿ ನೋಡಿದೆ. ಎಲ್ಲರೂ ನೋಡುತ್ತಿದ್ದರು. ಟವೆಲ್ ರೇಣುಕಾಳ ಎಡಗೈಯಲ್ಲಿತ್ತು, ಮಡಿಚಿ ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಯಮನಪ್ಪನವರ ಕೈ ಬಯಲಿನಲ್ಲಿತ್ತು. ಅವರು ಅವಳ ಎರಡು ಬೆರಳು ಹಿಡಿದಿದ್ದರು. ಬಿಡುವಂತಿಲ್ಲ, ಹಿಡಿದಿರುವಂತಿಲ್ಲ. ಹಿಡಿಯದೆ ಬಿಟ್ಟ ಮೂರು ಬೆರಳು ಪಕ್ಕದಲ್ಲೇ ಎಲ್ಲರಿಗೂ ಕಾಣುತ್ತಿದ್ದವು.

ರೇಣುಕಾ ದನಿ ಏರಿಸಲಿಲ್ಲ. "ಕಾಕಾ, ಈ ಎರಡು ಬೆರಳಿಗೆ ಪಗಾರ ಕೊಟ್ರಿ. ಉಳದ ಮೂರು ಪುಕ್ಕಟ ದುಡೀಬೇಕೇನ್ರಿ?"

ಯಮನಪ್ಪನವರು ಟವೆಲ್ ಕೊಡವ್ವ, ಮತ್ತೊಮ್ಮೆ ನೋಡೋಣು ಎಂದರು. ಅವಳು ಕೊಡಲಿಲ್ಲ, ಕೈಯನ್ನೂ ಹಿಂದೆಳೆದುಕೊಳ್ಳಲಿಲ್ಲ. ಅವರು ನಿರ್ದೇಶಕರ ಕಡೆ ನೋಡಿದರು. ಟವೆಲ್ ಇದ್ದಾಗ ಬೇರೆ ಕಡೆ ನೋಡಲು ಎಲ್ಲರಿಗೂ ಅನುಕೂಲವಿತ್ತು, ಈಗ ಎಲ್ಲಿ ನೋಡಬೇಕೋ ತಿಳಿಯದೆ ಆ ಎರಡು ಬೆರಳನ್ನೇ ನೋಡುತ್ತಿದ್ದರು. ಗೋಡೆಗೆ ಒರಗಿದ್ದ ಹನಮವ್ವ ಎದ್ದು ಕೂತರು: "ಹಿಡೀಯೋ ಯಮನಪ್ಪ, ಪೂರಾ ಹಿಡಿ. ಸಾಹೇಬ್ರ ಕೈ ಹಿಡ್ಯಾಕ ನಾಚಿಕಿ ಬರಲಿಲ್ಲ, ಈಗ್ಯಾಕ ಬರ್ತೈತಿ?"

ಯಮನಪ್ಪನವರು ಒಮ್ಮೆ ಕಣ್ಣು ಮುಚ್ಚಿ ತೆಗೆದರು. ಆಮೇಲೆ ಎಲ್ಲರ ಎದುರು, ಹಗಲು ಬೆಳಕಿನಲ್ಲಿ, ಅವಳ ಇಡೀ ಕೈ ಹಿಡಿದರು. ಮುಗೀತ್ರಪಾ ಎನ್ನದೆ, ಆಯಿತೆಂದು ತಲೆಯಾಡಿಸಿದರು. ಅವಳು ಟವೆಲನ್ನು ಅವರ ಹೆಗಲಿಗೆ ಹಾಕಿ, ಕಾಲಿಗೆ ನಮಸ್ಕಾರ ಮಾಡಿ, ಕುರಿ ತೂಗುವ ಹೊತ್ತಾಯಿತೆಂದು ದೊಡ್ಡಿಯ ಕಡೆ ಹೋದಳು. ನಾನು ಕಣ್ಣೊರೆಸಿಕೊಂಡೆ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ದಿನ ಸಂಜೆ ಬಾಗಲಕೋಟೆಗೆ ಹಿಂತಿರುಗುವ ಬಸ್ಸು ಕಿಕ್ಕಿರಿದಿತ್ತು. ಪಕ್ಕದಲ್ಲಿ ಕೂತ ರುಮಾಲಿನ ಯಜಮಾನರು ನನ್ನ ಗುರುತು ಹಿಡಿದು, ಕುರಿ ಕಂಪನಿಗೆ ಹೊಸ ಸಾಹೇಬರು ಬಂದರಂತೆ, ಹೆಣ್ಣುಮಗಳಂತೆ ಎಂದರು. ಹೌದು ಎಂದೆ. ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು.

"ಪಗಾರ ಎಷ್ಟ್ರಿ ಆಕೀದು?"

ಹೊಟ್ಟಿ ಬಟ್ಟಿಗೆ ಆಗ್ತದ್ರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಕಂಡಕ್ಟರನೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ: "ಐವತ್ತು ಸಾವಿರ. ನಂದೂ ಅಷ್ಟ ಇತ್ರೀ."